ಸೇವಂತಿಗೆಯ ಪಾಲನೆ: ಹೂವಿಲ್ಲದ ತಿಂಗಳುಗಳು ಮತ್ತು ಇರುಳಿನ ಕತ್ತಲೆ

(ಗ್ರಾಮ ಪಂಚಾಯತ್ ಸದಸ್ಯರ ತರಬೇತಿ ಕಾರ್ಯಕ್ರಮದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಅನೇಕ ಗ್ರಾಮ ಪಂಚಾಯತ್ ಕಚೇರಿಗಳ ಮುಂದೆ, ಧ್ವಜಸ್ತಂಭದ ಕಟ್ಟೆಯ ಸುತ್ತ, ಒಂದು ಸಣ್ಣ ಹೂದೋಟವಿರುತ್ತದೆ. ರಾಜ್ಯೋತ್ಸವದ ಹೊತ್ತಿಗೆ ಅಲ್ಲಿಗೆ ನರ್ಸರಿಯಿಂದ ಅರಳಿದ ಸೇವಂತಿಗೆಯ ಕುಂಡಗಳು ಬರುತ್ತವೆ. ಸಂಕ್ರಾಂತಿಯ ವೇಳೆಗೆ ಹೂವು ಒಣಗುತ್ತದೆ. ಹೂವಿನೊಂದಿಗೆ ಗಿಡವೂ ಮುಗಿಯಿತೆಂದು ಭಾವಿಸಿ ಅದನ್ನು ಕಿತ್ತು ಕಸದ ಗಾಡಿಗೆ ಹಾಕಲಾಗುತ್ತದೆ. ಮರುವರ್ಷ ಮತ್ತೆ ಕುಂಡ, ಮತ್ತೆ ಬಿಲ್ಲು, ಮತ್ತೆ ಕಸದ ಗಾಡಿ.

ಸೇವಂತಿಗೆ ಒಂದೇ ವರ್ಷ ಬಾಳುವ ಗಿಡವಲ್ಲ, ಅದು ಬಹುವಾರ್ಷಿಕ. ಹೂವು ಬಾಡಿದ ಮೇಲೂ ಅದರ ಬುಡ ಜೀವಂತವಾಗಿರುತ್ತದೆ. ಮುಂದಿನ ವರ್ಷದ ಸಸಿಗಳೆಲ್ಲ ಆ ಬುಡದಲ್ಲಿಯೇ ಅಡಗಿರುತ್ತವೆ. ಈ ಗಿಡದ ಪಾಲನೆಯ ಮುಖ್ಯ ಭಾಗ ನಡೆಯುವುದು ಹೂವಿಲ್ಲದ ತಿಂಗಳುಗಳಲ್ಲಿ. ಗೊಬ್ಬರ, ನೀರು, ಬಿಸಿಲುಗಳ ಜೊತೆಗೆ ಇದಕ್ಕೆ ಇನ್ನೂ ಒಂದು ವಸ್ತು ಬೇಕು. ಅದನ್ನು ಯಾವ ಅಂಗಡಿಯೂ ಮಾರುವುದಿಲ್ಲ. ಅದು ಇರುಳಿನ ಕತ್ತಲೆ. ಗ್ರಾಮದ ಬೀದಿದೀಪಗಳು ಪಂಚಾಯತಿಯ ಹೊಣೆಯಾಗಿರುವುದರಿಂದ ಆ ಕತ್ತಲೆಯೂ ಒಂದರ್ಥದಲ್ಲಿ ಪಂಚಾಯತಿಯ ಕೈಯಲ್ಲಿದೆ. ಈ ಎರಡು ಸಂಗತಿಗಳನ್ನು ಸದಸ್ಯರ ಮುಂದಿಡುವುದೇ ಈ ಉಪನ್ಯಾಸದ ಉದ್ದೇಶ.

ಗಿಡದ ಪರಿಚಯ

ಸೇವಂತಿಗೆಯು ಆಸ್ಟರೇಸಿ ಕುಟುಂಬಕ್ಕೆ ಸೇರಿದೆ. ಸೂರ್ಯಕಾಂತಿ, ಚೆಂಡುಹೂವು, ಹುಚ್ಚೆಳ್ಳು, ಆಸ್ಟರ್ ಇವೆಲ್ಲ ಇದೇ ಕುಟುಂಬದವು. ಈ ಕುಟುಂಬದ ಸಸ್ಯಗಳಲ್ಲಿ ಜನರು ಒಂದು ಹೂವೆಂದು ಕರೆಯುವುದು ವಾಸ್ತವವಾಗಿ ನೂರಾರು ಪುಟ್ಟ ಹೂಗಳ ಗುಚ್ಛ. ಅಂಚಿನಲ್ಲಿ ಎಸಳಿನಂತೆ ಕಾಣುವ ಪ್ರತಿಯೊಂದೂ ಒಂದು ಹೂವು; ನಡುವಿನ ಹಳದಿ ಬಟ್ಟಲಿನಲ್ಲಿ ಒತ್ತಾಗಿ ಕುಳಿತ ಪ್ರತಿಯೊಂದು ಕಣವೂ ಒಂದು ಹೂವು.

ರೈತರು ಮಾರುಕಟ್ಟೆಗೆ ಬೆಳೆಯುವ ಆಸ್ಟರ್ ಚೀನಾ ಆಸ್ಟರ್ ಎಂಬ ವಾರ್ಷಿಕ ಗಿಡ. ಅದನ್ನು ಬೀಜದಿಂದ ಬೆಳೆಯುತ್ತಾರೆ. ಹೂ ಮುಗಿದೊಡನೆ ಅದರ ಆಯುಷ್ಯವೂ ಮುಗಿಯುತ್ತದೆ. ಶೀತ ದೇಶಗಳಲ್ಲಿ ಶರತ್ಕಾಲದಲ್ಲಿ ಅರಳುವ ಬಹುವಾರ್ಷಿಕ ಆಸ್ಟರ್‌ಗಳು ಬೇರೆಯೇ ಇವೆ. ಸೆಪ್ಟೆಂಬರ್ 29ರ ಮೈಕೆಲ್‌ಮಸ್ ಹಬ್ಬದ ಆಸುಪಾಸಿನಲ್ಲಿ ಅರಳುವುದರಿಂದ ಇಂಗ್ಲೆಂಡಿನಲ್ಲಿ ಅವಕ್ಕೆ ಮೈಕೆಲ್‌ಮಸ್ ಡೈಸಿ ಎಂಬ ಹೆಸರು ಬಂದಿದೆ. ಚಳಿಗೆ ಎಲೆ-ಕಾಂಡಗಳು ಒಣಗಿದರೂ ಬುಡದಿಂದ ಮತ್ತೆ ಚಿಗುರುವುದು, ಕೆಲವು ವರ್ಷಗಳಿಗೊಮ್ಮೆ ಬುಡವನ್ನು ಸೀಳಿ ಬೇರೆಡೆ ನೆಟ್ಟರೆ ಹೊಸ ಹುರುಪು ಪಡೆಯುವುದು ಅವುಗಳ ಸ್ವಭಾವ. ಕರ್ನಾಟಕದ ಅಂಗಳಗಳಲ್ಲಿ ಆ ಸ್ವಭಾವವನ್ನು ಮೆರೆಯುವ ಗಿಡವೆಂದರೆ ಸೇವಂತಿಗೆ.

ಸೇವಂತಿಗೆಯ ಮೂಲ ಚೀನಾ. ಅಲ್ಲಿಂದ ಜಪಾನಿಗೆ ಹೋಗಿ ಆ ದೇಶದ ಸಾಮ್ರಾಟರ ಲಾಂಛನವಾಯಿತು. ಕರ್ನಾಟಕದಲ್ಲಿ ಅದು ದೇವರ ಮುಡಿಗೆ, ಹೆಣ್ಣುಮಕ್ಕಳ ಜಡೆಗೆ, ಆಯುಧಪೂಜೆಯ ದಿನ ಟ್ರ್ಯಾಕ್ಟರಿನ ಮುಂಭಾಗಕ್ಕೆ ಮಾರುಗಟ್ಟಲೆ ಏರುವ ಹೂವಾಯಿತು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಇಂದಿರಾ, ಕೀರ್ತಿ, ಚಂದ್ರಿಕಾ, ರೆಡ್ ಗೋಲ್ಡ್, ಯೆಲ್ಲೋ ಗೋಲ್ಡ್ ಮೊದಲಾದ ತಳಿಗಳನ್ನು ಬಿಡುಗಡೆ ಮಾಡಿದೆ. ಇವುಗಳಲ್ಲದೆ ಒಂದೊಂದು ಊರಿನ ಹಿತ್ತಿಲಲ್ಲಿಯೂ ತಲೆಮಾರುಗಳಿಂದ ಉಳಿದು ಬಂದ ನಾಟಿ ತಳಿಗಳುಂಟು. ಅಂಥವು ಉಳಿದಿರುವುದು ಬುಡವನ್ನು ಕಿತ್ತೆಸೆಯದ ಅಜ್ಜಿಯರಿಂದ ಎಂಬುದನ್ನು ಮರೆಯಬಾರದು.

ಹೂ ಮುಗಿದ ಮೇಲಿನ ಕೆಲಸ

ಪಾಲನೆಯ ವರ್ಷವನ್ನು ಜನವರಿಯಿಂದ ಎಣಿಸುವುದು ಸೂಕ್ತ. ಹೂವು ಮುಗಿದೊಡನೆ ಕಾಂಡಗಳನ್ನು ನೆಲದಿಂದ ಸುಮಾರು 10ರಿಂದ 15 ಸೆಂಟಿಮೀಟರ್ ಎತ್ತರಕ್ಕೆ ಕತ್ತರಿಸಬೇಕು. ಬುಡದ ಮಣ್ಣನ್ನು ಹಗುರವಾಗಿ ಸಡಿಲಿಸಿ, ಒಂದು ಹಿಡಿ ಕೊಟ್ಟಿಗೆ ಗೊಬ್ಬರ ಹಾಕಿ ನೀರು ಕೊಡಬೇಕು. ಕೆಲವು ವಾರಗಳಲ್ಲಿ ಮಣ್ಣಿನೊಳಗಿನಿಂದ ಮರಿಸಸಿಗಳು ತಲೆಯೆತ್ತುತ್ತವೆ. ಇವುಗಳನ್ನು ಕಂದು ಎನ್ನುತ್ತಾರೆ. ಮುಂದಿನ ವರ್ಷದ ತೋಟಕ್ಕೆ ಈ ಕಂದುಗಳೇ ಆಧಾರ.

ಫೆಬ್ರವರಿಯಿಂದ ಮೇ ತಿಂಗಳವರೆಗಿನ ಅವಧಿ ಅತ್ಯಂತ ಅಪಾಯದ್ದು. ಈ ನಾಲ್ಕು ತಿಂಗಳಲ್ಲಿ ಗಿಡದಲ್ಲಿ ನೋಡತಕ್ಕ ಚೆಲುವೇನೂ ಇರುವುದಿಲ್ಲ. ಆದ್ದರಿಂದಲೇ ಅದು ಎಲ್ಲರ ಕಣ್ಣಿನಿಂದ ಜಾರುತ್ತದೆ. ನೀರಗಂಟಿ ಕುಡಿಯುವ ನೀರಿನ ಸರದಿಯನ್ನು ನೋಡಿಕೊಳ್ಳುವ ಒತ್ತಡದಲ್ಲಿ ಹೂದೋಟವನ್ನು ಮರೆಯುವುದು ಸಹಜ. ಆದುದರಿಂದ ಎಲ್ಲ ಗಿಡಗಳನ್ನೂ ಉಳಿಸಲು ಹೋಗದೆ, ಪ್ರತಿ ಬಣ್ಣದಲ್ಲಿಯೂ ಆರೋಗ್ಯವಾಗಿದ್ದ ಐದಾರು ಗಿಡಗಳನ್ನು ಆರಿಸಿ, ಮಧ್ಯಾಹ್ನದ ಬಿಸಿಲು ತಾಗದ ಒಂದು ಮೂಲೆಯಲ್ಲಿ ತಾಯಿಗಿಡಗಳ ಮಡಿಯನ್ನು ಮಾಡುವುದು ಜಾಣತನ. ಒಣಗಿದ ಎಲೆಯನ್ನು ಮಡಿಯ ಮೇಲೆ ಹೊದಿಸಿದರೆ ತೇವ ಬೇಗ ಆರುವುದಿಲ್ಲ. ವಾರಕ್ಕೆ ಎರಡು ಮೂರು ಬಾರಿ ಕೆಲವು ಕೊಡ ನೀರು ಸಾಕಾಗುತ್ತದೆ. ಕೈತೊಳೆಯುವ ತೊಟ್ಟಿಯಿಂದ ಹರಿಯುವ ನೀರನ್ನು ಈ ಮೂಲೆಗೆ ತಿರುಗಿಸಬಹುದು. ಆದರೆ ಸೋಪಿನ ಪುಡಿ, ಫಿನಾಯಿಲ್ ಬೆರೆತ ನೀರು ಸೇರಕೂಡದು.

ಯಾವ ಬಣ್ಣದ್ದು ಯಾವ ಸಾಲು ಎಂಬುದನ್ನು ಹೂವಿರುವಾಗಲೇ ಗುರುತಿಸಿ ಚೀಟಿ ಕಟ್ಟಬೇಕು. ಎಲೆಯನ್ನು ಮಾತ್ರ ನೋಡಿ ಬಣ್ಣ ಹೇಳುವುದು ಅನುಭವಿಗಳಿಗೂ ಕಷ್ಟ.

ನಾಟಿ, ಕುಡಿ ಚಿವುಟುವಿಕೆ, ಪೋಷಣೆ

ಜೂನ್ ತಿಂಗಳಲ್ಲಿ ಮುಂಗಾರಿನ ಮಳೆ ಹದವಾಗಿ ಬಿದ್ದ ಮೇಲೆ ತಾಯಿಗಿಡವನ್ನು ಅಗೆದು, ಬೇರು ಸಹಿತವಾಗಿ ಕಂದುಗಳನ್ನು ಬಿಡಿಸಬೇಕು. ಹೊರಸುತ್ತಿನ ಎಳೆಯ, ಗಟ್ಟಿಮುಟ್ಟಾದ ಕಂದುಗಳನ್ನು ಮಾತ್ರ ಆರಿಸಿ, ನಡುವಿನ ಬಲಿತು ಕಟ್ಟಿಗೆಯಂತಾದ ಭಾಗವನ್ನು ಬಿಡಬೇಕು. ಕಂದು ಸಾಲದಿದ್ದರೆ ಕುಡಿಯ 5ರಿಂದ 7 ಸೆಂಟಿಮೀಟರ್ ಉದ್ದದ ತುಂಡುಗಳನ್ನು ಕತ್ತರಿಸಿ, ಕೆಳಗಿನ ಎಲೆಗಳನ್ನು ತೆಗೆದು, ತೇವದ ಮರಳಿನಲ್ಲಿ ನೆರಳಿನಲ್ಲಿಟ್ಟರೆ ಕೆಲವು ವಾರಗಳಲ್ಲಿ ಬೇರು ಬಿಡುತ್ತವೆ.

ನೀರು ನಿಲ್ಲುವ ಜಾಗದಲ್ಲಿ ಸೇವಂತಿಗೆ ಬಾಳುವುದಿಲ್ಲ. ಇದರ ಬೇರುಗಳು ಮೇಲ್ಮಣ್ಣಿನಲ್ಲಿಯೇ ಹರಡುವುದರಿಂದ ಎರಡು ದಿನ ನೀರು ನಿಂತರೂ ಕೊಳೆಯತೊಡಗುತ್ತವೆ. ಆದುದರಿಂದ ಏರುಮಡಿ ಮಾಡಿ, ಚದರ ಮೀಟರಿಗೆ 2ರಿಂದ 2.5 ಕಿಲೋಗ್ರಾಂ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಬೆರೆಸಬೇಕು. ಗಿಡದಿಂದ ಗಿಡಕ್ಕೆ, ಸಾಲಿನಿಂದ ಸಾಲಿಗೆ 30 ಸೆಂಟಿಮೀಟರ್ ಅಂತರ ಸಾಕು. ಒಂದು ಮೀಟರ್ ಅಗಲ, ಮೂರು ಮೀಟರ್ ಉದ್ದದ ಮಡಿಯಲ್ಲಿ ಸುಮಾರು 30 ಗಿಡಗಳು ಹಿಡಿಯುತ್ತವೆ. ಕಚೇರಿಯ ಅಂಗಳಕ್ಕೆ ಇಂಥ ಎರಡು ಮಡಿಗಳಿದ್ದರೆ ಶೋಭೆಗೆ ಕೊರತೆಯಿರದು.

ನೆಟ್ಟ ನಾಲ್ಕು ವಾರಗಳ ನಂತರ ಗಿಡದ ತುದಿಯ ಕುಡಿಯನ್ನು ಚಿವುಟಬೇಕು. ಬೆಳೆಯುವ ತುದಿಯನ್ನು ಚಿವುಟಲು ಹೊಸಬರ ಕೈ ಹಿಂಜರಿಯುತ್ತದೆ. ಆದರೆ ತುದಿಯಿರುವವರೆಗೆ ಗಿಡವು ಪಕ್ಕದ ಕವಲುಗಳನ್ನು ಅಣಗಿಸಿಟ್ಟಿರುತ್ತದೆ. ತುದಿ ಹೋದೊಡನೆ ಎಲೆಯ ಬುಡಗಳಿಂದ ಹಲವು ಕವಲುಗಳು ಹೊರಡುತ್ತವೆ. ಒಂದು ಕಾಂಡದ ನೀಳ ಗಿಡವು ಪೊದೆಯಾಗುವುದು ಹೀಗೆ. ಪೊದೆ ಇನ್ನೂ ದಟ್ಟವಾಗಬೇಕಿದ್ದರೆ ಮೂರು ನಾಲ್ಕು ವಾರಗಳ ನಂತರ ಮತ್ತೊಮ್ಮೆ ಚಿವುಟಬಹುದು. ಮೊಗ್ಗು ಕಾಣಿಸಿಕೊಂಡ ಮೇಲೆ ಮಾತ್ರ ಕುಡಿಗೆ ಕೈ ಹಾಕಬಾರದು.

ಹಬ್ಬಿದ ಗಿಡ ಮಳೆಗಾಳಿಗೆ ಒರಗುವುದರಿಂದ ಬಿದಿರಿನ ಸಣ್ಣ ಆಸರೆ ಕೋಲುಗಳನ್ನು ಊರಿ ದಾರದಿಂದ ಸಡಿಲವಾಗಿ ಕಟ್ಟಬೇಕು. ಮೊಗ್ಗು ಕಟ್ಟುವ ಕಾಲದಲ್ಲಿ ಯೂರಿಯಾದಂಥ ಸಾರಜನಕ ಗೊಬ್ಬರವನ್ನು ಹೆಚ್ಚಾಗಿ ಕೊಟ್ಟರೆ ಎಲೆ ಬೆಳೆಯುತ್ತದೆ, ಹೂವು ಬಡವಾಗುತ್ತದೆ.

ರೋಗಬಾಧೆಗಳಲ್ಲಿ ಎಲೆಚುಕ್ಕೆ, ಬೂದಿರೋಗ ಮತ್ತು ಸೊರಗುರೋಗ ಮುಖ್ಯವಾದವು. ಕೀಟಗಳಲ್ಲಿ ಹೇನು ಮತ್ತು ಥ್ರಿಪ್ಸ್. ನೀರನ್ನು ಎಲೆಯ ಮೇಲೆ ಸುರಿಯದೆ ಬುಡಕ್ಕೆ, ಅದೂ ಬೆಳಗಿನ ಹೊತ್ತು ಕೊಡುವುದು, ಚುಕ್ಕೆ ಬಿದ್ದ ಎಲೆಗಳನ್ನು ಆಯ್ದು ತೆಗೆಯುವುದು, ಗಿಡಗಳ ನಡುವೆ ಗಾಳಿಯಾಡುವಂತೆ ನೋಡುವುದು ಇವೇ ಅರ್ಧ ಚಿಕಿತ್ಸೆ. ಹೇನು ಕಂಡರೆ ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆಯನ್ನು ತುಸು ಸೋಪಿನ ದ್ರಾವಣದೊಂದಿಗೆ ಕದಡಿ ಸಂಜೆ ಸಿಂಪಡಿಸಬಹುದು. ಸೊರಗುರೋಗದಿಂದ ಬಾಡಿದ ಗಿಡವನ್ನು ಬೇರು ಸಮೇತ ತೆಗೆದು ಸುಡಬೇಕು. ಅದರ ಕಂದನ್ನು ಎಂದಿಗೂ ನೆಡಬಾರದು. ಅದೇ ಮಡಿಯಲ್ಲಿ ಪ್ರತಿವರ್ಷ ಸೇವಂತಿಗೆಯನ್ನೇ ನೆಡದೆ ಜಾಗ ಬದಲಿಸುವುದು ಒಳ್ಳೆಯದು. ಮಕ್ಕಳು ಓಡಾಡುವ ಅಂಗನವಾಡಿ, ಶಾಲೆ, ಪಂಚಾಯತ್ ಆವರಣಗಳಲ್ಲಿ ತೀವ್ರ ವಿಷದ ಕೀಟನಾಶಕಗಳನ್ನು ಬಳಸದಿರುವುದೇ ಲೇಸು.

ಗಿಡ ಕತ್ತಲೆಯನ್ನು ಎಣಿಸುವ ಬಗೆ

ಇಷ್ಟೆಲ್ಲ ಮಾಡಿದರೂ ಕೆಲವೆಡೆ ಗಿಡವು ಹಸುರಾಗಿ, ಎತ್ತರವಾಗಿ ಬೆಳೆದು ಹೂವನ್ನೇ ಬಿಡದೆ ನಿಲ್ಲುವುದುಂಟು. ಗೊಬ್ಬರ ಸಾಲದೆಂದು ಇನ್ನಷ್ಟು ಗೊಬ್ಬರ ಹಾಕುತ್ತಾರೆ. ತಳಿ ಕೆಟ್ಟಿದೆಯೆಂದು ನರ್ಸರಿಯವರನ್ನು ದೂರುತ್ತಾರೆ. ಕಾರಣ ಕೆಲವೊಮ್ಮೆ ತಲೆಯ ಮೇಲೆಯೇ ಉರಿಯುತ್ತಿರುತ್ತದೆ.

ಹಗಲಿನ ಅವಧಿಗೂ ಹೂಬಿಡುವಿಕೆಗೂ ಇರುವ ಸಂಬಂಧವನ್ನು ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳಾದ ಗಾರ್ನರ್ ಮತ್ತು ಅಲಾರ್ಡ್ 1920ರಲ್ಲಿ ಪ್ರಕಟಿಸಿದರು. ಅವರ ಪ್ರಯೋಗದ ಹೊಗೆಸೊಪ್ಪಿನ ಒಂದು ತಳಿ ಬೇಸಿಗೆಯ ಹೊಲದಲ್ಲಿ ಆಳೆತ್ತರ ಮೀರಿ ಬೆಳೆದರೂ ಹೂ ಬಿಡುತ್ತಿರಲಿಲ್ಲ. ಅದೇ ಗಿಡ ಚಳಿಗಾಲದಲ್ಲಿ ಗಾಜಿನ ಮನೆಯೊಳಗೆ ಹೂ ಬಿಡುತ್ತಿತ್ತು. ಬೇಸಿಗೆಯಲ್ಲಿಯೇ ಗಿಡಗಳನ್ನು ಸಂಜೆ ಬೇಗನೆ ಕತ್ತಲೆಯ ಕೋಣೆಗೆ ಸೇರಿಸಿ ಹಗಲನ್ನು ಚಿಕ್ಕದು ಮಾಡಿದಾಗ ಅವು ಹೂ ಬಿಟ್ಟವು. 1938ರಲ್ಲಿ ಹ್ಯಾಮ್ನರ್ ಮತ್ತು ಬಾನ್ನರ್ ಎಂಬ ವಿಜ್ಞಾನಿಗಳು ಒಂದು ಕಳೆಗಿಡದ ಮೇಲೆ ಪ್ರಯೋಗ ನಡೆಸಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಇಂಥ ಗಿಡಗಳು ಅಳೆಯುವುದು ಹಗಲನ್ನಲ್ಲ, ಎಡೆಬಿಡದ ಇರುಳನ್ನು ಎಂದು ಅವರು ತೋರಿಸಿದರು. ದೀರ್ಘ ಇರುಳಿನ ನಡುವೆ ಅಲ್ಪಕಾಲ ಬೆಳಕು ಬಿದ್ದರೂ ಗಿಡವು ಒಂದು ದೊಡ್ಡ ಇರುಳನ್ನು ಎರಡು ಸಣ್ಣ ಇರುಳುಗಳೆಂದು ಎಣಿಸುತ್ತದೆ. ಹೂವಿನ ಕಾಲ ಇನ್ನೂ ಬಂದಿಲ್ಲವೆಂದು ತಿಳಿಯುತ್ತದೆ. ಎಲೆಯಲ್ಲಿರುವ ಫೈಟೋಕ್ರೋಮ್ ಎಂಬ ವರ್ಣದ್ರವ್ಯ ಈ ಎಣಿಕೆಯನ್ನು ಮಾಡುತ್ತದೆ. ಬೆಳಕಿನ ಬಣ್ಣಗಳಲ್ಲಿ ಕೆಂಪಿಗೆ ಅದು ಹೆಚ್ಚಾಗಿ ಓಗೊಡುತ್ತದೆ.

ಸೇವಂತಿಗೆ ಈ ಗುಂಪಿನ ಗಿಡ. ಬೆಂಗಳೂರಿನ ಅಕ್ಷಾಂಶದಲ್ಲಿ ವರ್ಷದ ಅತಿ ದೊಡ್ಡ ಹಗಲು 13 ಗಂಟೆಗೆ ತುಸು ಕಡಿಮೆ. ಅತಿ ಚಿಕ್ಕ ಹಗಲು ಹನ್ನೊಂದೂಕಾಲು ಗಂಟೆಗೆ ತುಸು ಹೆಚ್ಚು. ಇವೆರಡರ ಅಂತರ ಕೇವಲ ಒಂದೂವರೆ ಗಂಟೆ. ಅಂದರೆ ಇಲ್ಲಿ ಇರುಳು ಎಂದೂ ತೀರ ಚಿಕ್ಕದಾಗುವುದಿಲ್ಲ. ಆದುದರಿಂದ ಗಿಡವು ಸಾಕಷ್ಟು ಬೆಳೆಯುವ ಮೊದಲೇ ಮೊಗ್ಗಿಗೆ ಇಳಿಯುವ ಸಂಭವವೂ ಉಂಟು. ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳ ರೈತರು ಸೇವಂತಿಗೆಯ ಹೊಲಗಳಲ್ಲಿ ರಾತ್ರಿ ಸಾಲುಸಾಲಾಗಿ ಬಲ್ಬುಗಳನ್ನು ಉರಿಸುವುದು ಈ ಕಾರಣಕ್ಕಾಗಿ. ಗಿಡ ಎತ್ತರವಾಗಿ ಕವಲೊಡೆಯುವವರೆಗೆ ಇರುಳನ್ನು ಬೆಳಕಿನಿಂದ ಮುರಿಯುತ್ತಾರೆ. ಆಮೇಲೆ ದೀಪ ನಿಲ್ಲಿಸುತ್ತಾರೆ. ದೀಪ ನಿಂತ ಮೇಲೆ ತಳಿಗೆ ಅನುಗುಣವಾಗಿ ಸುಮಾರು 8ರಿಂದ 12 ವಾರಗಳಲ್ಲಿ ಹೂವು ಕೈಗೆ ಬರುತ್ತದೆ.

ಇದರಲ್ಲಿ ಹಬ್ಬದ ಲೆಕ್ಕವೂ ಅಡಗಿದೆ. ಗಿಡವು ಸೂರ್ಯನ ಗತಿಯನ್ನು ಅನುಸರಿಸುತ್ತದೆ. ಹಬ್ಬವು ಚಂದ್ರನ ತಿಥಿಯನ್ನು ಅನುಸರಿಸುತ್ತದೆ. ವಿಜಯದಶಮಿಯು 2023ರಲ್ಲಿ ಅಕ್ಟೋಬರ್ 24ರಂದು, 2024ರಲ್ಲಿ ಅಕ್ಟೋಬರ್ 12ರಂದು, 2025ರಲ್ಲಿ ಅಕ್ಟೋಬರ್ 2ರಂದು ಬಂದಿತು. ಹತ್ತು ವಾರಗಳಲ್ಲಿ ಅರಳುವ ತಳಿಯನ್ನು ದೀಪದಡಿ ಬೆಳೆಸಿದ ರೈತನು 2023ರ ಹಬ್ಬಕ್ಕಾದರೆ ಆಗಸ್ಟ್ 15ರ ಸುಮಾರಿಗೆ, 2025ರ ಹಬ್ಬಕ್ಕಾದರೆ ಜುಲೈ 24ರ ಸುಮಾರಿಗೆ ದೀಪ ಆರಿಸಬೇಕಾಗಿತ್ತು. ಹಬ್ಬದ ಮುನ್ನಾದಿನ ಬಿಡಿಸಿದ ಹೂವಿಗೂ ಹಬ್ಬ ಕಳೆದು ಒಂದು ವಾರದ ನಂತರ ಬಿಡಿಸಿದ ಹೂವಿಗೂ ಮಾರುಕಟ್ಟೆಯಲ್ಲಿ ಸಿಗುವ ಬೆಲೆಯ ವ್ಯತ್ಯಾಸ ಎಲ್ಲ ಸದಸ್ಯರಿಗೂ ತಿಳಿದದ್ದೇ. ತನ್ನ ದೀಪವನ್ನು ತಾನೇ ಆರಿಸಬಲ್ಲ ರೈತನು ಈ ಲೆಕ್ಕವನ್ನು ಮಾಡಬಲ್ಲನು. ಹೊಲದ ಅಂಚಿನ ಬೀದಿದೀಪವನ್ನು ಆರಿಸುವ ಅಧಿಕಾರ ಮಾತ್ರ ಅವನಿಗಿಲ್ಲ.

ಬೀದಿದೀಪ ಮತ್ತು ಹೂವಿನ ಸಾಲು

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 58ನೇ ಪ್ರಕರಣದಲ್ಲಿ ಹೇಳಿರುವ ಗ್ರಾಮ ಪಂಚಾಯತಿಯ ಕರ್ತವ್ಯಗಳಲ್ಲಿ ಸಾಕಷ್ಟು ಬೀದಿದೀಪಗಳನ್ನು ಒದಗಿಸುವುದೂ ಒಂದು. ಅದು ಪಂಚಾಯತಿಯ ಇಷ್ಟಾನಿಷ್ಟಕ್ಕೆ ಬಿಟ್ಟ ವಿಷಯವಲ್ಲ, ಜನರ ಹಕ್ಕು. ಈ ಕರ್ತವ್ಯವೂ ಹೂ ಬೆಳೆಗಾರರ ಹಿತವೂ ಎದುರುಬದುರಾದಾಗ ಏನು ಮಾಡಬೇಕು?

ಒಂದು ಗ್ರಾಮಸಭೆಯನ್ನು ಕಲ್ಪಿಸಿಕೊಳ್ಳಬಹುದು. ಅರ್ಧ ಎಕರೆಯಲ್ಲಿ ಸೇವಂತಿಗೆ ಬೆಳೆದ ಮಹಿಳೆಯೊಬ್ಬರು ಎದ್ದು ನಿಂತು, "ಕಂಬದ ಹತ್ತಿರದ ಸಾಲುಗಳು ಮೊಗ್ಗೇ ಕಟ್ಟಿಲ್ಲ ಸ್ವಾಮಿ. ಸಂಘದ ಸಾಲದ ಕಂತು ಆ ಸಾಲುಗಳ ಮೇಲೆಯೇ ಇತ್ತು. ಆ ದೀಪ ತೆಗೆಸಿಕೊಡಿ" ಎನ್ನುತ್ತಾರೆ. ಅವರ ಹಿಂದೆ ಕುಳಿತ ಇನ್ನೊಬ್ಬರು, "ಅಕ್ಕಾ, ನಿನ್ನ ಹೂವಿನ ಕಷ್ಟ ಗೊತ್ತಾಗುತ್ತದೆ. ಆದರೆ ಕತ್ತಲಲ್ಲಿ ಡೇರಿಗೆ ಹಾಲು ಹಾಕಲು ಹೋಗುವವರು ನಾವು. ಆ ದೀಪ ಬಂದ ಮೇಲೆಯೇ ಹೆಣ್ಣುಮಕ್ಕಳನ್ನು ಒಬ್ಬರೇ ಕಳುಹಿಸುತ್ತಿದ್ದೇವೆ" ಎನ್ನುತ್ತಾರೆ. ಇಬ್ಬರ ಮಾತಿನಲ್ಲಿಯೂ ನ್ಯಾಯವಿದೆ. ಕೈಯೆತ್ತಿಸಿ ಬಹುಮತ ಎಣಿಸಿದರೆ ಒಬ್ಬರು ಸೋಲುತ್ತಾರೆ. ಸಮಸ್ಯೆ ಹಾಗೆಯೇ ಉಳಿಯುತ್ತದೆ. ರಸ್ತೆಗೆ ಬೆಳಕು ಬೇಕು, ಹೊಲಕ್ಕೆ ಕತ್ತಲೆ ಬೇಕು. ಇವೆರಡನ್ನೂ ಒಂದೇ ಕಂಬದಿಂದ ಪಡೆಯುವ ದಾರಿಗಳಿವೆ.

ಮೊದಲನೆಯದು, ಕಾರಣವನ್ನು ಖಚಿತಪಡಿಸಿಕೊಳ್ಳುವುದು. ದೂರು ಬಂದೊಡನೆ ಸದಸ್ಯರು ಸಾಲುಗಳ ನಡುವೆ ನಡೆದು ನೋಡಬೇಕು. ಕಂಬದ ಬಳಿ ಮೊಗ್ಗಿಲ್ಲದೆ, ದೂರ ಹೋದಂತೆ ಮೊಗ್ಗು ಹೆಚ್ಚುತ್ತಾ ಹೋದರೆ, ಮೊಗ್ಗಿಲ್ಲದ ಭಾಗ ಬೆಳಕು ಚೆಲ್ಲಿದ ಆಕಾರದಲ್ಲಿಯೇ ಇದ್ದರೆ, ದೀಪವೇ ಕಾರಣವೆನ್ನಬಹುದು. ಮೊಗ್ಗಿಲ್ಲದ ಗಿಡಗಳು ಅಲ್ಲೊಂದು ಇಲ್ಲೊಂದು ಚದುರಿದ್ದರೆ, ಅಥವಾ ತಗ್ಗಿನ ಭಾಗದಲ್ಲಿ ಮಾತ್ರ ಇದ್ದರೆ, ತಳಿಯ ಬೆರಕೆ ಇಲ್ಲವೇ ನೀರು ನಿಂತದ್ದು ಕಾರಣವಾಗಿರಬಹುದು. ಆಗ ದೀಪವನ್ನು ದೂರಿ ಪ್ರಯೋಜನವಿಲ್ಲ.

ಎರಡನೆಯದು, ಬೆಳಕನ್ನು ಅಳೆಯುವುದು. ಹೂವನ್ನು ತಡೆಯಲು ಬೆಳೆಗಾರರಿಗೆ ಸಾಮಾನ್ಯವಾಗಿ ಸೂಚಿಸುವ ಬೆಳಕು ಗಿಡದ ಮಟ್ಟದಲ್ಲಿ ಸುಮಾರು 100 ಲಕ್ಸ್. ಆದರೆ ಸೂಕ್ಷ್ಮ ತಳಿಗಳಿಗೆ ಅದಕ್ಕಿಂತ ಬಹಳ ಕಡಿಮೆ ಬೆಳಕೂ ತಟ್ಟುತ್ತದೆ. ಬೀದಿದೀಪವು ಇರುಳಿಡೀ ಉರಿಯುತ್ತದೆ ಎಂಬುದೂ ನೆನಪಿರಬೇಕು. ಹುಣ್ಣಿಮೆಯ ಬೆಳದಿಂಗಳು ಅರ್ಧ ಲಕ್ಸನ್ನೂ ಮುಟ್ಟುವುದಿಲ್ಲವಾದ್ದರಿಂದ ಅದರ ಚಿಂತೆ ಬೇಡ. ದೀಪದಿಂದ ದೂರ ಇಮ್ಮಡಿಯಾದರೆ ಬೆಳಕು ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ಆದುದರಿಂದ ಸಾಮಾನ್ಯ ಬೀದಿದೀಪದ ತೊಂದರೆ ಕಂಬದ ಸಮೀಪದ ಕೆಲವು ಸಾಲುಗಳಿಗೆ ಸೀಮಿತವಾಗಿರುತ್ತದೆ. ವೃತ್ತಗಳಲ್ಲಿ ನಿಲ್ಲಿಸುವ ಹೈಮಾಸ್ಟ್ ದೀಪಗಳ ವ್ಯಾಪ್ತಿ ಮಾತ್ರ ಬಹಳ ದೊಡ್ಡದು.

ಮೂರನೆಯದು, ಬೆಳಕಿನ ದಿಕ್ಕನ್ನು ತಿದ್ದುವುದು. ಅನೇಕ ಕಂಬಗಳಲ್ಲಿ ದೀಪವನ್ನು ಮೇಲ್ಮುಖವಾಗಿ ಓರೆ ಮಾಡಿ ಕೂರಿಸಿರುತ್ತಾರೆ. ಅದರಿಂದ ಬೆಳಕು ರಸ್ತೆಯನ್ನು ದಾಟಿ ಹೊಲಕ್ಕೆ ಬೀಳುತ್ತದೆ. ಹಣ ಕೊಟ್ಟ ವಿದ್ಯುತ್ತೂ ಪೋಲಾಗುತ್ತದೆ. ದೀಪವನ್ನು ನೆಲಕ್ಕೆ ಸಮಾನಾಂತರವಾಗಿ ಕೂರಿಸಿ, ಹೊಲದ ಬದಿಗೆ ಒಂದು ತಗಡಿನ ಮರೆಯನ್ನು ಜೋಡಿಸಿದರೆ ರಸ್ತೆಯ ಬೆಳಕು ಕುಂದದೆ ಹೊಲದ ಕತ್ತಲೆ ಮರಳುತ್ತದೆ. ಮರೆಯು ದೀಪದ ಶಾಖ ಹೊರಹೋಗುವ ಭಾಗವನ್ನು ಮುಚ್ಚಬಾರದು. ಕಂಬವು ವಿದ್ಯುತ್ ಸರಬರಾಜು ಕಂಪನಿಗೆ ಸೇರಿದ್ದಾದರೆ ಅದರ ಒಪ್ಪಿಗೆ ಪಡೆದು, ಲೈನ್‌ಮನ್ ಸಮಕ್ಷಮದಲ್ಲಿ ವಿದ್ಯುತ್ ಕಡಿತಗೊಳಿಸಿಯೇ ಈ ಕೆಲಸ ಮಾಡಿಸಬೇಕು. ಯಾವ ರೈತನೂ ತಾನೇ ಕಂಬ ಹತ್ತುವಂತಾಗಬಾರದು, ದೀಪಕ್ಕೆ ಕಲ್ಲು ಬೀಸುವಂತಾಗಬಾರದು.

ನಾಲ್ಕನೆಯದು, ಕೆಲವು ತಪ್ಪು ಪರಿಹಾರಗಳನ್ನು ಕೈಬಿಡುವುದು. ಬಿಳಿ ದೀಪದ ಬದಲು ಹಳದಿ ದೀಪ ಹಾಕಿದರೆ ಸಾಕೆಂಬ ಸಲಹೆ ಕೇಳಿಬರುತ್ತದೆ. ಫೈಟೋಕ್ರೋಮ್ ಕೆಂಪಿಗೆ ಸ್ಪಂದಿಸುವುದರಿಂದ ಹಳದಿ ದೀಪ ಗಿಡಕ್ಕೆ ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ. ರಾತ್ರಿ 10 ಗಂಟೆಗೆ ದೀಪ ಆರಿಸಿದರೆ ಸಾಕೆಂಬುದು ಇನ್ನೊಂದು ಸಲಹೆ. ಅದರಿಂದ ವಿದ್ಯುತ್ ಉಳಿಯಬಹುದು. ಆದರೆ ಗಿಡಕ್ಕೆ 10 ಗಂಟೆಯಿಂದ ನಸುಕಿನವರೆಗೆ ಸಿಗುವ ಇರುಳು ಎಂಟು ಗಂಟೆಗೂ ಕಡಿಮೆ. ಮೊಗ್ಗು ಕಟ್ಟಲು ಅಷ್ಟು ಸಾಲದು. ಜೊತೆಗೆ ನಸುಕಿನಲ್ಲಿ ಡೇರಿಗೆ ಹೊರಟವರಿಗೆ ದಾರಿಯೂ ಕಾಣದು. ದೀಪ ಆರಿಸುವುದಕ್ಕಿಂತ ಮರೆ ಕಟ್ಟುವುದು ಇಬ್ಬರಿಗೂ ಹಿತ.

ಐದನೆಯದು, ಹೊಸ ದೀಪ ಹಾಕುವ ಮೊದಲೇ ಸ್ಥಳ ನೋಡುವುದು. ಕಂಬಗಳ ಪಟ್ಟಿ ಸಿದ್ಧಪಡಿಸುವಾಗ ಅಕ್ಕಪಕ್ಕದ ಜಮೀನಿನಲ್ಲಿ ಹೂ ಬೆಳೆಯುತ್ತಿದ್ದಾರೆಯೇ ಎಂಬ ಒಂದು ಅಂಕಣವನ್ನು ಸೇರಿಸಿದರೆ ಸಾಕು. ಮರೆಯಿರುವ ದೀಪವನ್ನು ಆರಂಭದಲ್ಲಿಯೇ ಕೇಳಬಹುದು. ಕಂಬವನ್ನು ರಸ್ತೆಯ ಆಚೆ ಬದಿಗೆ ನೆಡಬಹುದು. ಬೆಳೆಗಾರರ ಪಾಲಿನ ಕೆಲಸವೂ ಇದೆ. ಕಂಬದ ಬದಿಯ ಅಂಚಿನಲ್ಲಿ ಎತ್ತರ ಬೆಳೆಯುವ ಜೋಳವನ್ನೋ ಮೇವಿನ ಹುಲ್ಲನ್ನೋ ಒತ್ತಾಗಿ ಬೆಳೆದರೆ ಅದೂ ಬೆಳಕಿಗೆ ಅಡ್ಡವಾಗುತ್ತದೆ.

ಇದೇ ನಿಯಮ ಪಂಚಾಯತ್ ಕಚೇರಿಯ ಅಂಗಳಕ್ಕೂ ಅನ್ವಯಿಸುತ್ತದೆ. ರಾತ್ರಿಯಿಡೀ ಜಗುಲಿಯ ದೀಪ ಉರಿಯುವ ಕಡೆ ಸೇವಂತಿಗೆಯ ಮಡಿ ಮಾಡಬಾರದು. ಅಲ್ಲಿಗೆ ದಾಸವಾಳ, ನಿತ್ಯಪುಷ್ಪಗಳು ಒಪ್ಪುತ್ತವೆ. ಸೇವಂತಿಗೆಗೆ ಹಗಲು ಐದಾರು ಗಂಟೆ ಬಿಸಿಲು ಬೀಳುವ, ಇರುಳು ಕಟ್ಟಡದ ಮರೆಯಲ್ಲಿ ಕತ್ತಲಾಗುವ ಬದಿಯನ್ನು ಆರಿಸಬೇಕು.

ಪಂಚಾಯತಿಯು ಕೈಗೊಳ್ಳಬಹುದಾದ ಕ್ರಮಗಳು

ಮೇಲಿನ ಸಂಗತಿಗಳಿಂದ ಕೆಲವು ಸುಲಭದ ಕ್ರಮಗಳು ಹೊರಡುತ್ತವೆ. ಜನವರಿಯಲ್ಲಿ ಹೂ ಮುಗಿದಾಗ ಗಿಡ ಕೀಳದೆ ಕತ್ತರಿಸಿಡುವಂತೆ ಸಿಬ್ಬಂದಿಗೆ ತಿಳಿಸಬೇಕು. ತಾಯಿಗಿಡಗಳ ಮಡಿಯನ್ನು ಬೇಸಿಗೆಯಲ್ಲಿ ನೋಡಿಕೊಳ್ಳುವವರು ಯಾರೆಂಬುದನ್ನು ಹೆಸರು ಹಿಡಿದು ಗೊತ್ತುಪಡಿಸಬೇಕು. ಎಲ್ಲರಿಗೂ ಸೇರಿದ ಮಡಿ ಯಾರಿಗೂ ಸೇರದೆ ಒಣಗುತ್ತದೆ. ಜೂನ್ ತಿಂಗಳಲ್ಲಿ ಹೆಚ್ಚಾದ ಕಂದುಗಳನ್ನು ಶಾಲೆ, ಅಂಗನವಾಡಿ ಮತ್ತು ಸ್ವಸಹಾಯ ಸಂಘದ ಮಹಿಳೆಯರಿಗೆ ಹಂಚಬಹುದು. ಒಂದು ಗಿಡ ಹಲವು ಕಂದುಗಳನ್ನು ಕೊಡುವುದರಿಂದ ಎರಡು ಮೂರು ವರ್ಷಗಳಲ್ಲಿ ಊರಿನ ಅಂಗಳಗಳೆಲ್ಲ ತುಂಬುವಷ್ಟು ಸಸಿ ಒಂದೇ ಮೂಲೆಯಿಂದ ದೊರೆಯುತ್ತದೆ. ದೇವಸ್ಥಾನದಲ್ಲಿ ಬಾಡಿದ ಹೂವನ್ನು ದಾರ, ಪ್ಲಾಸ್ಟಿಕ್ ಬೇರ್ಪಡಿಸಿ ಗೊಬ್ಬರದ ಗುಂಡಿಗೆ ಸೇರಿಸಿದರೆ ಅದೇ ಮಡಿಗೆ ಹಿಂದಿರುಗುತ್ತದೆ. ಬೀದಿದೀಪದ ದೂರುಗಳ ವಹಿಯಲ್ಲಿ "ದೀಪ ಉರಿಯುತ್ತಿಲ್ಲ" ಎಂಬ ದೂರಿನಂತೆಯೇ "ದೀಪ ಹೊಲಕ್ಕೆ ಬೀಳುತ್ತಿದೆ" ಎಂಬ ದೂರನ್ನೂ ದಾಖಲಿಸಿ ಪರಿಶೀಲಿಸಬೇಕು.

ಇವು ಯಾವುವೂ ದೊಡ್ಡ ಅನುದಾನವನ್ನು ಬೇಡುವ ಕೆಲಸಗಳಲ್ಲ. ಒಂದು ತಗಡಿನ ತುಂಡು, ಕೆಲವು ಕೊಡ ನೀರು, ಹೂವಿಲ್ಲದ ಗಿಡವನ್ನೂ ಗಿಡವೆಂದೇ ನೋಡುವ ಒಬ್ಬರ ಕಣ್ಣು ಇದ್ದರೆ ಸಾಕು. ಅರ್ಧ ಎಕರೆಯನ್ನು ನಂಬಿದ ಬೆಳೆಗಾರ್ತಿಗೆ ಹಬ್ಬದ ಹೊತ್ತಿಗೆ ಹೂವು ಸಿಗುವುದೂ, ಡೇರಿಗೆ ಹೊರಟ ಹೆಣ್ಣುಮಕ್ಕಳಿಗೆ ದಾರಿ ಕಾಣುವುದೂ ಒಂದೇ ಪಂಚಾಯತಿಯ ಹೊಣೆ. ಬರುವ ಜನವರಿಯಲ್ಲಿ ಕಚೇರಿಯ ಮುಂದಿನ ಸೇವಂತಿಗೆ ಒಣಗಿದಾಗ, ಅದನ್ನು ಕೀಳಲು ಹೊರಟ ಕೈಯನ್ನು ಸದಸ್ಯರೊಬ್ಬರು ತಡೆದರೆ ಈ ಉಪನ್ಯಾಸದ ಶ್ರಮ ಸಾರ್ಥಕ.